ರಸೀದಿಯ ಹಿಂಬದಿ: ಕುವೈತ್ ಯುದ್ಧದ ವರ್ಷ ಪಿಯುಸಿ ಮುಗಿಸಿದ ಒಂದು ಪ್ರಕರಣ

ಕಾಲೇಜಿನ ಪ್ರವೇಶ ರಿಜಿಸ್ಟರಿನಲ್ಲಿ ಒಂದು ಅಂಕಣ ‘ಹಿಂದೆ ಓದಿದ ಶಾಲೆ ಮತ್ತು ಊರು’ ಅಂತ. ಅದರ ಪಕ್ಕದ್ದು ‘ಟಿ.ಸಿ. ಸಂಖ್ಯೆ ಮತ್ತು ದಿನಾಂಕ’. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಈ ಎರಡನ್ನು ತುಂಬಿಸಿದವನು ನಾನು. ಕೈ ತಡೆದದ್ದು ಒಂದೇ ಸಲ, 1990ರ ಆಗಸ್ಟ್ 29, ಬುಧವಾರ. ಅಂದು ಬೆಳಗಿನ ಪೇಪರಿನಲ್ಲಿ, ಇರಾಕ್ ಕುವೈತನ್ನು ತನ್ನ 19ನೇ ಪ್ರಾಂತ್ಯವೆಂದು ಘೋಷಿಸಿದೆ ಅಂತ ಸುದ್ದಿ. ನನ್ನ ಮೇಜಿನ ಎದುರು ಒಬ್ಬಳು ಹುಡುಗಿ, ಅವಳ ತಾಯಿ, ಸೋದರಮಾವ. ಹುಡುಗಿ ಓದಿದ್ದು ಕುವೈತಿನ ಸಾಲ್ಮಿಯಾದ ಒಂದು ಇಂಡಿಯನ್ ಶಾಲೆಯಲ್ಲಿ. ಊರು ಅಂತ ಬರೆಯುವುದು ಯಾವುದನ್ನು? ಟಿ.ಸಿ. ಕೊಡಬೇಕಾದವರು ಯಾರು?

ಉಡುಪಿ ತಾಲೂಕಿನ ಒಂದು ಅನುದಾನಿತ ಪದವಿಪೂರ್ವ ಕಾಲೇಜಿನಲ್ಲಿ ನಾನು ಗುಮಾಸ್ತನಾಗಿದ್ದೆ. ಆಗ ಉಡುಪಿ ಜಿಲ್ಲೆ ಆಗಿರಲಿಲ್ಲ, ದಕ್ಷಿಣ ಕನ್ನಡದ್ದೇ ಒಂದು ತಾಲೂಕು. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಇದೆ. ಯುದ್ಧದಲ್ಲಿ ಓದು ನಿಂತುಹೋದ ಮಕ್ಕಳ ಬಗ್ಗೆ ಮಾತಾಡುವವರೆಲ್ಲ ಬಾಂಬು, ಹಸಿವು, ಗಡಿ ಅಂತ ಹೇಳುತ್ತಾರೆ. ನಿಜವೇ. ಆದರೆ ಮಗು ಊರು ಮುಟ್ಟಿದ ಮೇಲೆ ಅದು ಬಂದು ನಿಲ್ಲುವುದು ನಮ್ಮಂಥವರ ಮೇಜಿನ ಮುಂದೆ. ಅಲ್ಲಿ ಏನಾಗುತ್ತದೆ ಅಂತ ಬರೆದವರನ್ನು ನಾನು ಕಂಡಿಲ್ಲ.

ಮನೆಯ ಸಂಗತಿ

ತಂದೆ ಕುವೈತಿನ ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಹನ್ನೆರಡು ವರ್ಷದಿಂದ ಅಲ್ಲೇ. ಹೆಂಡತಿ, ಮಕ್ಕಳನ್ನು ಕರೆಸಿಕೊಂಡು ಏಳು ವರ್ಷ. ಆ ಕಾಲಕ್ಕೆ ಕುವೈತಿನಲ್ಲಿ ಸುಮಾರು 1.7 ಲಕ್ಷ ಭಾರತೀಯರಿದ್ದರು. ನಮ್ಮ ಕರಾವಳಿಯಲ್ಲಂತೂ ಕಾಪು, ಶಿರ್ವ, ಮೂಲ್ಕಿ ಕಡೆ ಹೆಂಚು ತೆಗೆದು ಟೆರೇಸು ಮಾಡಿದ ಮನೆ ಕಂಡರೆ ‘ಗಲ್ಫ್‌ನವರದ್ದು’ ಎಂದು ಹೇಳಿದರೆ ಸಾಕಿತ್ತು.

ಜೂನ್ ಕೊನೆಗೆ ಅಲ್ಲಿ ಶಾಲೆಗೆ ಬೇಸಿಗೆ ರಜೆ. ತಾಯಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದರು, ತಂದೆಗೆ ರಜೆ ಸಿಗಲಿಲ್ಲ. ಆಗಸ್ಟ್ 28ಕ್ಕೆ ವಾಪಸು ಟಿಕೆಟು. ಹುಡುಗಿ ಸಿಬಿಎಸ್‌ಇ 12ನೇ ತರಗತಿ, ವಿಜ್ಞಾನ. ಏಪ್ರಿಲ್‌ನಿಂದ ಎರಡು ಮೂರು ತಿಂಗಳ ಪಾಠ ಆಗಿತ್ತು. ರಜೆಯಲ್ಲಿ ಓದಲಿಕ್ಕೆ ಅಂತ ಒಂದು ಫಿಸಿಕ್ಸ್ ಪುಸ್ತಕ ಬ್ಯಾಗಿನಲ್ಲಿ ಹಾಕಿಕೊಂಡಿದ್ದಳು, ಅಷ್ಟೆ.

ಆಗಸ್ಟ್ 2, ಗುರುವಾರ. ಬೆಳಗಾಗುವ ಮೊದಲೇ ಇರಾಕಿನ ಸೈನ್ಯ ನುಗ್ಗಿತು. ಎರಡು ದಿನದಲ್ಲಿ ದೇಶವೇ ಅವರ ಕೈಗೆ ಹೋಯಿತು, ದೊರೆ ಸೌದಿಗೆ ಹೋಗಿಯಾಗಿತ್ತು. ನಮ್ಮಲ್ಲಿ ಆಟಿಯ ಮಳೆ. ಕರೆಂಟು ಹೋಗಿ ಬ್ಯಾಟರಿ ರೇಡಿಯೋ ಹಾಕಿದಾಗ ಸುದ್ದಿ ತಿಳಿಯಿತಂತೆ. ಮಾವ ಪೇಟೆಯ ಎಸ್‌ಟಿಡಿ ಬೂತಿಗೆ ಮೂರು ದಿನ ಅಲೆದರು, ಲೈನೇ ಇಲ್ಲ. ಆಮೇಲೆ ಮೂರು ವಾರ ಮನೆಯವರು ಸುಮ್ಮನೆ ಕಾದರು. ಅಮೆರಿಕದವರು ಬಂದು ಬಿಡಿಸುತ್ತಾರೆ, ಸೆಪ್ಟೆಂಬರಿಗೆ ಶಾಲೆ ಶುರುವಾಗುತ್ತದೆ ಅಂತ. ತಪ್ಪು ಅಂತ ಹೇಳಲಾರೆ, ದೊಡ್ಡ ದೊಡ್ಡವರೂ ಹಾಗೇ ಹೇಳುತ್ತಿದ್ದರು. ಆದರೆ ನಮ್ಮ ಕಾಲೇಜಿನಲ್ಲಿ ಆ ಮೂರು ವಾರದಲ್ಲಿ ಕೆಮಿಸ್ಟ್ರಿಯ ಎರಡು ಪಾಠ ಮುಗಿದಿತ್ತು. ಚೌತಿ ರಜೆ ಕಳೆದ ಮೇಲೆ ಮಾವ ತೀರ್ಮಾನ ಮಾಡಿದರು.

ಮೂರು ದಾರಿ

ಪ್ರಾಂಶುಪಾಲರು ನನ್ನನ್ನು ಒಳಗೆ ಕರೆದು ಕೇಳಿದರು, “ಎಂತ ಮಾಡುದು ಇದನ್ನು?”

ಮಂಗಳೂರಿನ ಹತ್ತಿರ ಕೇಂದ್ರ ಪಠ್ಯಕ್ರಮದ ಒಂದು ಶಾಲೆಗೆ ಸೇರಿಸಿದರೆ ಅದೇ ಪುಸ್ತಕ, ಅದೇ ಪರೀಕ್ಷೆ. ಮಾವ ಮೊದಲೇ ಹೋಗಿ ಕೇಳಿ ಬಂದಿದ್ದರು. ಅಲ್ಲಿಯೂ ಟಿ.ಸಿ. ಬೇಕು, ಮತ್ತೆ 12ಕ್ಕೆ ಸೀಟೂ ಇಲ್ಲ. ಎರಡನೆಯದು, ನಮ್ಮಲ್ಲಿ ಪ್ರಥಮ ಪಿಯುಸಿಗೆ ಸೇರಿಸುವುದು. ಕಚೇರಿಗೆ ತಲೆನೋವಿಲ್ಲ, ಹತ್ತನೇ ತರಗತಿ ಪಾಸಾದದ್ದು ಸಾಬೀತಾದರೆ ಸಾಕು. ಹುಡುಗಿಗೆ ಒಂದು ವರ್ಷ ಹೋಯಿತು. ಮೂರನೆಯದು ನೇರ ದ್ವಿತೀಯ ಪಿಯುಸಿ, ಬೆಂಗಳೂರಿನ ಪಿಯು ಶಿಕ್ಷಣದ ಕಚೇರಿಯ ಒಪ್ಪಿಗೆಗೆ ಒಳಪಟ್ಟು. ಅದಕ್ಕೆ ಆಕೆ 11 ಪಾಸಾಗಿದ್ದಾಳೆ ಅಂತ ತೋರಿಸಬೇಕು.

ಕಗ್ಗಂಟು ಇದ್ದದ್ದೇ ಇಲ್ಲಿ. ಹತ್ತನೆಯದು ಬೋರ್ಡ್ ಪರೀಕ್ಷೆ, ಅದರ ದಾಖಲೆ ದೆಹಲಿಯಲ್ಲಿ ಇರುತ್ತದೆ. ಹನ್ನೊಂದು ಶಾಲೆಯೇ ನಡೆಸುವ ಪರೀಕ್ಷೆ, ನಮ್ಮ ಪ್ರಥಮ ಪಿಯುಸಿಯ ಹಾಗೆ. ಅದರ ಅಂಕ ಇರುವುದು ಆ ಶಾಲೆಯ ಕಪಾಟಿನಲ್ಲಿ ಮಾತ್ರ. ಆ ಶಾಲೆಗೆ ಬೀಗ. ಕುವೈತಿನ ರಾಯಭಾರ ಕಚೇರಿಗಳನ್ನೆಲ್ಲ ಆಗಸ್ಟ್ 24ರೊಳಗೆ ಮುಚ್ಚಬೇಕೆಂದು ಇರಾಕ್ ಆಜ್ಞೆ ಮಾಡಿತ್ತು, ಹಾಗಾಗಿ ಮೇಲು ಸಹಿ ಹಾಕುವವರೂ ಇಲ್ಲ.

“ನಿಮ್ಮ ಹತ್ತಿರ ಕಾಗದ ಅಂತ ಏನೇನುಂಟು?” ಅಂತ ಕೇಳಿದೆ. ಪಾಸ್‌ಪೋರ್ಟು ಇತ್ತು. ಪ್ಲಾಸ್ಟಿಕ್ ಹಾಕಿದ ಶಾಲೆಯ ಗುರುತಿನ ಚೀಟಿ ಇತ್ತು, ಅದರಲ್ಲಿ ಕಳೆದ ವರ್ಷದ ತರಗತಿ. ಹುಡುಗಿ ತಲೆ ತಗ್ಗಿಸಿ, “ನಂಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ ಸರ್, ಅದಕ್ಕೆಂತಾದ್ರೂ ತೊಂದ್ರೆ ಉಂಟಾ?” ಅಂತ ಕೇಳಿದಳು. ಅವಳ ಕನ್ನಡ ಅಷ್ಟರ ಮಟ್ಟಿಗೆ ಚೆನ್ನಾಗಿಯೇ ಇತ್ತು, ಮನೆಮಾತು ತುಳು. ತಾಯಿ ಏನೂ ಹೇಳದೆ ವ್ಯಾನಿಟಿ ಬ್ಯಾಗನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿಬಿಟ್ಟರು.

ಅದರಿಂದ ಬಿದ್ದದ್ದರಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಕಾರ್ಬನ್ನಿನ ನೀಲಿ ಅಕ್ಷರ, ಮಡಿಕೆ ಬಿದ್ದಲ್ಲಿ ಬಿಳಿಚಿಕೊಂಡಿತ್ತು. ಹಿಂಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ಕನ್ನಡ ಅಕ್ಷರದ ಪಟ್ಟಿ: ಟೈಗರ್ ಬಾಮ್ 6, ಟ್ಯಾಂಗ್ 2, ನಿಡೋ ದೊಡ್ಡ ಡಬ್ಬ 1, ಅಜ್ಜಿಗೆ ಕೊಡೆ, ಅಣ್ಣನಿಗೆ ಟಾರ್ಚು, ಸೆಂಟು, ಆಚೆಮನೆಯವರಿಗೆ ಸೋಪು. ಊರಿಗೆ ಹೊರಡುವ ಮುಂಚೆ ಬರೆದ ಸಾಮಾನಿನ ಪಟ್ಟಿ. ಟ್ಯಾಂಗ್‌ಗೆ ಮಾತ್ರ ಗೀಟು ಎಳೆದಿತ್ತು. ಮುಂಬದಿ ತಿರುಗಿಸಿದೆ. ಶಾಲೆಯ ಫೀಸಿನ ರಸೀದಿ. ಹುಡುಗಿಯ ಹೆಸರು, ತರಗತಿ 12, ಏಪ್ರಿಲ್‌ನಿಂದ ಜೂನ್ 1990, ಮೊಹರು, ಕ್ಯಾಷಿಯರರ ಸಹಿ.

ಗುಮಾಸ್ತನ ಬುದ್ಧಿ ಕೆಲಸ ಮಾಡುವುದು ಇಂಥಲ್ಲೇ. 11ರಲ್ಲಿ ಪಾಸಾಗದವಳಿಗೆ 12ರ ಫೀಸು ಯಾವ ಶಾಲೆಯೂ ತೆಗೆದುಕೊಳ್ಳುವುದಿಲ್ಲ. ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದವನಿಗೆ ಇದು ಮಾರ್ಕ್ಸ್ ಕಾರ್ಡಿಗಿಂತ ಗಟ್ಟಿ ಸಾಕ್ಷಿ. ಮಾರ್ಕ್ಸ್ ಕಾರ್ಡನ್ನು ತಿದ್ದಿದ್ದು ನೋಡಿದ್ದೇನೆ, ಹಿಂಬದಿಯಲ್ಲಿ ಟೈಗರ್ ಬಾಮ್ ಬರೆದ ಸುಳ್ಳು ರಸೀದಿಯನ್ನು ನೋಡಿಲ್ಲ.

ಪ್ರಾಂಶುಪಾಲರು ರಸೀದಿಯನ್ನು ಎರಡು ಸಲ ತಿರುಗಿಸಿ ನೋಡಿ, “ತಾತ್ಕಾಲಿಕ ಅಂತ ಹಾಕಿ, ಮುಚ್ಚಳಿಕೆ ತಗೊಳ್ಳಿ” ಅಂದರು. ಛಾಪಾ ಕಾಗದದಲ್ಲಿ ಮುಚ್ಚಳಿಕೆ, ನೋಟರಿಯ ಎದುರು ಅಫಿಡವಿಟ್, ಮೂಲ ದಾಖಲೆ ತಂದು ಕೊಡದಿದ್ದರೆ ಪ್ರವೇಶ ರದ್ದಾದರೆ ತಕರಾರಿಲ್ಲ ಅಂತ. ಅರ್ಜಿಯ ಕೊನೆಗೆ ‘ತಂದೆ ಅಥವಾ ಪೋಷಕರ ಸಹಿ’. ತಾಯಿಯ ಕೈ ಅಲ್ಲಿ ನಿಂತಿತು. ತಂದೆ ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ಅಂತ ಆ ಹೊತ್ತಿಗೆ ಅವರಿಗೆ ಗೊತ್ತಿರಲಿಲ್ಲ. ಮಾವ ಪೆನ್ನು ತೆಗೆದುಕೊಂಡು, “ನಾನು ಹಾಕ್ತೇನೆ ಮಾರಾಯ್ರೆ, ಅಳಿಯಕಟ್ಟಿನವರಿಗೆ ಮಾವನ ಸಹಿಯೇ ಸಹಿ” ಅಂತ ಹಾಕಿದರು. ಅಳಿಯಕಟ್ಟು ಅಂದರೆ ವಂಶ, ಆಸ್ತಿ ತಾಯಿಯ ಕಡೆಯಿಂದ ಸಾಗುವ ನಮ್ಮ ಕಡೆಯ ಪದ್ಧತಿ. ನಕ್ಕದ್ದು ಅವರೊಬ್ಬರೇ.

ಊರಿನ ಅಂಕಣದಲ್ಲಿ ‘ಕುವೈತ್’ ಎಂದೇ ಬರೆದೆ. ಟಿ.ಸಿ. ಅಂಕಣದಲ್ಲಿ ಪೆನ್ಸಿಲಿನಿಂದ ‘ಬರಬೇಕಿದೆ’.

ಇನ್ನೊಬ್ಬ

ಇದನ್ನು ಬಿಟ್ಟು ಬರೆದರೆ ಪ್ರಕರಣ ಅರ್ಧವಾಗುತ್ತದೆ. ಸೆಪ್ಟೆಂಬರ್ ಮೂರನೇ ವಾರ ಕಾಪು ಕಡೆಯ ಒಬ್ಬ ಹುಡುಗ ಬಂದ. ಅವನೂ 12. ಆದರೆ ಅವನ ಮನೆಯವರು ಆಗಸ್ಟ್ 2ರಂದು ಕುವೈತಿನಲ್ಲೇ ಇದ್ದವರು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಯ ಮರುಭೂಮಿಯಲ್ಲಿ ಡೇರೆ ಹಾಕಿಕೊಂಡಿದ್ದು, ಅಮ್ಮಾನಿನಿಂದ ಏರ್ ಇಂಡಿಯಾ ಹತ್ತಿ ಬಂದವರು. ಹುಡುಗಿಗಿಂತ ಹತ್ತು ಪಾಲು ಕಷ್ಟ ಪಟ್ಟು ಬಂದವನು, ಅದಕ್ಕೇ ಕೈಯಲ್ಲಿ ಒಂದು ಚೂರು ಕಾಗದವೂ ಇಲ್ಲ. ಪ್ರಾಂಶುಪಾಲರು, “ಮೊದಲಿನದಕ್ಕೇ ಬೆಂಗಳೂರಿನ ಉತ್ತರ ಬಂದಿಲ್ಲ, ಇನ್ನೊಂದು ಬೇಡ” ಅಂದರು. ನಾನು ವಾದಿಸಲಿಲ್ಲ. ಪ್ರಥಮ ಪಿಯುಸಿಗೆ ಸೇರಿಸಿಕೊಂಡೆವು. ಓದಿ ಮುಗಿಸಿದ ಪಾಠವನ್ನೇ ಮತ್ತೆ ಕೇಳಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದ. ಡಿಸೆಂಬರಿನಲ್ಲಿ ಗೈರುಹಾಜರಿ ಜಾಸ್ತಿಯಾಗಿ ಹೆಸರು ಹೊಡೆದುಹಾಕಿದೆ, ನನ್ನದೇ ಕೈಯಿಂದ, ಕೆಂಪು ಶಾಯಿಯಲ್ಲಿ. ಮುಂಬಯಿಯಲ್ಲಿ ಸಂಬಂಧಿಕರ ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದಾನೆ ಅಂತ ಆಮೇಲೆ ಕೇಳಿದೆ.

ಇಬ್ಬರ ನಡುವೆ ಇದ್ದ ವ್ಯತ್ಯಾಸ ಆ ರಸೀದಿ ಒಂದೇ. ಅವನ ವಿಷಯದಲ್ಲಿ ದೆಹಲಿಗೆ ಒಂದು ಕಾಗದ ಬರೆದು ಹತ್ತನೆಯದರ ದಾಖಲೆ ತರಿಸಿ, ಅದೇ ಊರಿನಿಂದ ಬಂದ ಬೇರೆ ಮಕ್ಕಳಿಂದ ‘ಇವನು ನಮ್ಮ ತರಗತಿಯವನು’ ಎಂದು ಹೇಳಿಕೆ ಬರೆಸಬಹುದಿತ್ತು. ಹುಡುಗಿಯೇ ಹೇಳುತ್ತಿದ್ದಳೋ ಏನೋ, ನಾನು ಕೇಳಲೇ ಇಲ್ಲ. ಆಗ ತೋಚಲಿಲ್ಲ, ತೋಚಿದ್ದು ರಿಟೈರಾದ ಮೇಲೆ.

ಫೈಲು

ಅಮ್ಮಾನಿನಿಂದ ಮುಂಬಯಿಗೆ ಏರ್ ಇಂಡಿಯಾದ ಹಾರಾಟ ಆಗಸ್ಟ್ 13ಕ್ಕೆ ಶುರುವಾಗಿ 59 ದಿನ ನಡೆಯಿತು, ಒಟ್ಟು 488 ಹಾರಾಟ, ಲಕ್ಷಕ್ಕೂ ಮಿಕ್ಕಿ ಜನ. ಹುಡುಗಿಯ ತಂದೆ ಬಂದದ್ದು ದಸರಾ ಸಮಯಕ್ಕೆ. ಕುವೈತಿನಿಂದ ಅಮ್ಮಾನಿಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರು ರಸ್ತೆ. ಮುಂಬಯಿಯಿಂದ ಉಡುಪಿಗೆ ಮತ್ತೆ ಬಸ್ಸು, ಕೊಂಕಣ ರೈಲು ಆಗ ಬರೀ ಸರ್ವೆ ಕಲ್ಲು.

ಬಂದ ನಾಲ್ಕನೇ ದಿನ ಕಾಲೇಜಿಗೆ ಬಂದರು. ಮೈ ಅರ್ಧ ಆಗಿತ್ತು, ಶರ್ಟಿನ ಕಾಲರು ಕುತ್ತಿಗೆಗೆ ತಾಗುತ್ತಿರಲಿಲ್ಲ. ಕಂಕುಳಲ್ಲಿ ಒಂದು ಹಸಿರು ಬಾಕ್ಸ್ ಫೈಲು. ಮನೆ ಬಿಡುವಾಗ ಟಿ.ವಿ., ವಿ.ಸಿ.ಆರ್., ಕಾರು ಎಲ್ಲ ಬಿಟ್ಟು ಆ ಫೈಲು ಹಿಡಿದುಕೊಂಡು ಹೊರಟರಂತೆ. ಯಾಕೆ ಅಂತ ಕೇಳಿದೆ. “ಚೆಕ್‌ಪೋಸ್ಟಿನಲ್ಲಿ ಸೈನಿಕರು ವಾಚು ತೆಗೀತಾರೆ, ರೇಡಿಯೋ ತೆಗೀತಾರೆ. ಕಾಗದ ಯಾರಿಗೆ ಬೇಕು?” ಅಂದರು. ಸ್ಟೋರ್‌ಕೀಪರ್ ಅಲ್ಲವೇ, ಒಂದೊಂದು ಕಾಗದಕ್ಕೂ ನಂಬರು ಹಾಕಿಟ್ಟಿದ್ದರು. ಹದಿನೇಳನೇ ನಂಬರಿನಲ್ಲಿ ಹತ್ತನೆಯ ಮೂಲ ಅಂಕಪಟ್ಟಿ. ಹತ್ತೊಂಬತ್ತರಲ್ಲಿ 11ರ ಪ್ರೋಗ್ರೆಸ್ ಕಾರ್ಡು, ‘ಪಾಸಾಗಿ 12ಕ್ಕೆ’ ಎಂಬ ಷರಾದೊಂದಿಗೆ. ಬೂಟಿನೊಳಗೆ ಇಟ್ಟುಕೊಂಡು ತಂದ ದಿನಾರು ನೋಟುಗಳನ್ನೂ ತೋರಿಸಿದರು. ಆಗಸ್ಟ್‌ಗೆ ಮೊದಲು ಒಂದು ದಿನಾರಿಗೆ ಸುಮಾರು 60 ರೂಪಾಯಿ ಇತ್ತು. ಅವರು ಬರುವ ಹೊತ್ತಿಗೆ ಇರಾಕಿನವರು ಆ ನೋಟನ್ನೇ ರದ್ದು ಮಾಡಿಯಾಗಿತ್ತು. ಬ್ಯಾಂಕಿನ ಕೌಂಟರಿನಲ್ಲಿ ಮುಟ್ಟಿಯೂ ನೋಡಲಿಲ್ಲವಂತೆ.

ಪ್ರೋಗ್ರೆಸ್ ಕಾರ್ಡಿನ ಜೆರಾಕ್ಸನ್ನು ಬೆಂಗಳೂರಿಗೆ ಕಳಿಸಿ, ಇನ್ನು ಹೆದರಿಕೆ ಇಲ್ಲ ಅಂದುಕೊಂಡೆ.

ಪಾಠ

ಹುಡುಗಿಯ ನಿಜವಾದ ಕಷ್ಟ ಕಾಗದದ್ದಲ್ಲ. ಸಿಬಿಎಸ್‌ಇಯಲ್ಲಿ ಅವಳಿಗೆ ಭಾಷೆ ಅಂತ ಇದ್ದದ್ದು ಇಂಗ್ಲಿಷ್ ಒಂದೇ. ಪಿಯುಸಿಯಲ್ಲಿ ಎರಡು ಭಾಷೆ ಬೇಕು. ಹತ್ತನೆಯಲ್ಲಿ ಬಿಟ್ಟ ಹಿಂದಿಯನ್ನು ಮತ್ತೆ ಹಿಡಿಯಬೇಕಾಯಿತು. ಗಣಿತದಲ್ಲಿ ಅವಳು ಮಾಡಿ ಮುಗಿಸಿದ ಪಾಠ ಇಲ್ಲಿ ಫೆಬ್ರವರಿಗೆ, ಇಲ್ಲಿ ಜುಲೈಯಲ್ಲಿ ಮುಗಿದದ್ದು ಅವಳಿಗೆ ಹೊಸತು. ಮೇಷ್ಟ್ರುಗಳು ಇಂಗ್ಲಿಷಿನಲ್ಲಿ ಬೋರ್ಡಿಗೆ ಬರೆದು ಕನ್ನಡದಲ್ಲಿ ಬಿಡಿಸಿ ಹೇಳುವವರು. ಉಳಿದ ಮಕ್ಕಳಿಗೆ ಅರ್ಥವಾಗುತ್ತಿದ್ದುದೇ ಆ ಕನ್ನಡದಿಂದ, ಇವಳಿಗೆ ಗೊಂದಲವಾಗುತ್ತಿದ್ದುದೂ ಅದರಿಂದಲೇ. ‘ಗುರುತ್ವ’ ಅಂದರೆ ಮೇಷ್ಟ್ರಿಗೆ ಕೊಡುವ ಗೌರವ ಅಂತ ಎರಡು ವಾರ ತಿಳಿದಿದ್ದಳಂತೆ.

ಪ್ರಯೋಗದ ರೆಕಾರ್ಡ್ ಪುಸ್ತಕ ಕುವೈತಿನಲ್ಲೇ ಉಳಿದಿತ್ತು. ದಸರಾ ರಜೆಯಲ್ಲಿ ಲ್ಯಾಬ್ ತೆರೆಸಿಕೊಟ್ಟವರು ನಮ್ಮ ಅಟೆಂಡರು. ಅವರು ಓದಿದ್ದು ಏಳನೇ ತರಗತಿ, ಆದರೆ ಟೈಟ್ರೇಶನ್ನಿನಲ್ಲಿ ಬಣ್ಣ ತಿರುಗುವ ಹನಿ ಯಾವುದು ಅಂತ ಲೆಕ್ಚರರಿಗಿಂತ ಮೊದಲು ಅವರಿಗೆ ಗೊತ್ತು. ಪಿಪೆಟ್ಟನ್ನು ಬೆರಳಲ್ಲಿ ಹಿಡಿದು, “ಬಿಡಬೇಡ ಮಗಾ, ಬಿಡಬೇಡ, ಹಾಂ, ಈಗ ಒಂದೇ ಹನಿ” ಅಂತ ಹೇಳುತ್ತಿದ್ದುದು ನನ್ನ ಕೋಣೆಗೆ ಕೇಳುತ್ತಿತ್ತು. ಒಂಬತ್ತು ದಿನದಲ್ಲಿ ಹಿಂದೆ ಬಿದ್ದ ಪ್ರಯೋಗ ಎಲ್ಲ ಮುಗಿಸಿದರು. ಅವರಿಗೆ ಓವರ್‌ಟೈಮ್ ಅಂತ ಕೊಡಲಿಕ್ಕೆ ನಿಯಮ ಇರಲಿಲ್ಲ. ಹುಡುಗಿಯ ಅಜ್ಜಿ ಒಂದು ಗೊನೆ ಬಾಳೆಹಣ್ಣು ಕಳಿಸಿದ್ದರು.

ಹಾಜರಿಯ ತೊಡಕು ಇದ್ದೇ ಇತ್ತು, ಶೇ. 75 ಬೇಕು. ಸೇರಿದ ದಿನದಿಂದ ಲೆಕ್ಕ ಹಾಕಿದೆ.

ಜನವರಿ

1991ರ ಜನವರಿ 17ಕ್ಕೆ ಅಮೆರಿಕದ ಕಡೆಯವರು ಬಾಂಬು ಹಾಕಲು ಶುರುಮಾಡಿದಾಗ ನಮ್ಮಲ್ಲಿ ಪ್ರಿಪರೇಟರಿ ಪರೀಕ್ಷೆಯ ತಯಾರಿ. ಊರಿನಲ್ಲಿ ಯುದ್ಧ ಎಂದರೆ ಸೀಮೆಎಣ್ಣೆಯ ಕ್ಯೂ. ಪೆಟ್ರೋಲಿಗೆ ಅಕ್ಟೋಬರಿನಿಂದಲೇ ಶೇ. 25 ಗಲ್ಫ್ ಸರ್‌ಚಾರ್ಜು ಬಿದ್ದಿತ್ತು. ಆ ಮನೆಯಲ್ಲಿ ಮಾತ್ರ ಯುದ್ಧ ಬೇರೆಯೇ. ತಂದೆಗೆ ಕೆಲಸ ಇಲ್ಲ, ಇಡೀ ದಿನ ರೇಡಿಯೋ. ಹುಡುಗಿ ಓದಲಿಕ್ಕೆ ಕಾಲೇಜಿನ ಲೈಬ್ರರಿಯಲ್ಲಿ ಕೂತಿರುತ್ತಿದ್ದಳು. ಸಂಜೆ ಬೀಗ ಹಾಕುವಾಗ ನಾನೇ ಎಬ್ಬಿಸಬೇಕಿತ್ತು. ಒಂದು ದಿನ ಪೇಪರಿನಲ್ಲಿ ಎಣ್ಣೆಬಾವಿಗಳು ಉರಿಯುವ ಚಿತ್ರ ಬಂತು, ಮಧ್ಯಾಹ್ನವೇ ಕತ್ತಲಾದ ಹಾಗೆ. ಅವಳು ಅದನ್ನು ಹತ್ತಿರ ಹಿಡಿದು ನೋಡಿ, “ಇದು ಯಾವ ಕಡೆ ಅಂತ ಬರೀಲೇ ಇಲ್ಲ” ಅಂದಳು. ಬೇರೇನೂ ಹೇಳಲಿಲ್ಲ.

ಫೆಬ್ರವರಿ 28ಕ್ಕೆ ಕದನ ನಿಂತಿತು. ನಮ್ಮ ಪರೀಕ್ಷೆ ಅದಾದ ಮೇಲೆ. ಬರೆದಳು.

ತಡೆಹಿಡಿದ ಫಲಿತಾಂಶ

ಬೆಂಗಳೂರಿನ ಕಚೇರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಪ್ಟೆಂಬರಿನಲ್ಲಿ ಕಳಿಸಿದ ಕಾಗದಕ್ಕೆ ನವೆಂಬರಿನಲ್ಲಿ ಉತ್ತರ. ನಡುವೆ ಅಕ್ಟೋಬರಿನಲ್ಲಿ ವೀರೇಂದ್ರ ಪಾಟೀಲರು ಹೋಗಿ, ಕೆಲವು ದಿನ ರಾಷ್ಟ್ರಪತಿ ಆಳ್ವಿಕೆಯಾಗಿ, ಬಂಗಾರಪ್ಪನವರು ಬಂದಿದ್ದರು. ಆ ದಿನಗಳಲ್ಲಿ ಯಾವ ಫೈಲೂ ಮೇಜಿನಿಂದ ಮೇಜಿಗೆ ಸರಿಯುತ್ತಿರಲಿಲ್ಲ. ಉತ್ತರದಲ್ಲಿ ಎರಡು ಪ್ರಶ್ನೆ. ಒಂದು, ಸಂಬಂಧಪಟ್ಟ ದೇಶದ ರಾಯಭಾರ ಕಚೇರಿಯ ಮೇಲು ಸಹಿ ಇರುವ ಟಿ.ಸಿ. ಎಲ್ಲಿ? ಇನ್ನೊಂದು, ‘ಲಗತ್ತು 3ರ ಹಿಂಬದಿಯ ಬರಹದ ಬಗ್ಗೆ ವಿವರಣೆ ನೀಡುವುದು’. ಜೆರಾಕ್ಸ್ ಅಂಗಡಿಯ ಹುಡುಗ ರಸೀದಿಯ ಎರಡೂ ಬದಿ ತೆಗೆದಿದ್ದ. ‘ಸದರಿ ಬರಹವು ಗೃಹಬಳಕೆಯ ಸಾಮಗ್ರಿಗಳ ಪಟ್ಟಿಯಾಗಿದ್ದು, ಪ್ರವೇಶಕ್ಕೆ ಸಂಬಂಧಿಸಿರುವುದಿಲ್ಲ’ ಎಂದು ಬರೆದು ಪ್ರಾಂಶುಪಾಲರ ಸಹಿ ಹಾಕಿಸಿದೆ. ಸಹಿ ಹಾಕುವಾಗ ಅವರ ಹೊಟ್ಟೆ ಅಲುಗುತ್ತಿತ್ತು.

ಬೇಸಿಗೆ ರಜೆಯ ಕೊನೆಗೆ ಫಲಿತಾಂಶದ ಪಟ್ಟಿ ಬಂತು. ಅವಳ ನಂಬರಿನ ಮುಂದೆ ‘ತಡೆಹಿಡಿಯಲಾಗಿದೆ’. ಡಿಗ್ರಿ ಕಾಲೇಜುಗಳಲ್ಲಿ ಅರ್ಜಿಗೆ ಹತ್ತೇ ದಿನ ಬಾಕಿ. ತಂದೆಯ ಹಸಿರು ಫೈಲು, ನನ್ನ ರಿಜಿಸ್ಟರಿನ ದೃಢೀಕೃತ ಪ್ರತಿ ಹಿಡಿದುಕೊಂಡು ನಾವಿಬ್ಬರು ರಾತ್ರಿ ಬಸ್ಸು ಹತ್ತಿದೆವು. ಶಿರಾಡಿ ಘಾಟಿಯಲ್ಲಿ ಮಳೆಗೆ ಎರಡು ಗಂಟೆ ನಿಂತೆವು. ಕಚೇರಿಯಲ್ಲಿ ಒಂದು ದಿನ ಇಡೀ ಕೂತದ್ದಕ್ಕೆ ಸಿಕ್ಕಿದ್ದು ‘ನಾಳೆ ಬನ್ನಿ’. ಎರಡನೆಯ ದಿನ ಒಬ್ಬ ವಯಸ್ಸಾದ ಅಧಿಕಾರಿ ಫೈಲು ತಿರುವಿ, ತಂದೆ ಹಾಕಿದ ನಂಬರುಗಳನ್ನು ಬೆರಳಿನಿಂದ ಎಣಿಸುತ್ತ ಹೋದರು. ಹತ್ತೊಂಬತ್ತಕ್ಕೆ ನಿಂತರು. “ಇಷ್ಟು ಅಚ್ಚುಕಟ್ಟಾಗಿ ಇಟ್ಟವರು ಸುಳ್ಳು ಹೇಳುವುದಿಲ್ಲ” ಅಂತ ಟಿಪ್ಪಣಿ ಬರೆದರು. ಹಾಗಂತ ಟಿಪ್ಪಣಿಯಲ್ಲಿ ಬರೆಯಲಿಲ್ಲ, ಬಾಯಲ್ಲಿ ಹೇಳಿದ್ದು. ಟಿಪ್ಪಣಿಯಲ್ಲಿ ‘ವಿಶೇಷ ಪ್ರಕರಣವೆಂದು ಪರಿಗಣಿಸಿ’ ಎಂದಿತ್ತು.

600ಕ್ಕೆ 391. ಹಿಂದಿಯಲ್ಲಿ 41. ಪ್ರಥಮ ದರ್ಜೆ. ಬಿ.ಎಸ್ಸಿ.ಗೆ ಸೇರಿದಳು.

ಆಮೇಲೆ

ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ಪರಿಹಾರ ಆಯೋಗ ಮಾಡಿತು, ಇರಾಕಿನ ಎಣ್ಣೆ ಆದಾಯದ ಪಾಲಿನಿಂದ ದುಡ್ಡು. ‘ಎ’ ಅರ್ಜಿ ಎಂದರೆ ಮನೆ ಬಿಟ್ಟು ಹೊರಟದ್ದಕ್ಕೆ. ಬೇರೆ ಏನೂ ಕೇಳದಿದ್ದರೆ ಒಬ್ಬರಿಗೆ 4,000 ಡಾಲರು, ಕುಟುಂಬಕ್ಕೆ 8,000. ಅರ್ಜಿಗಳು ದೆಹಲಿಯ ವಿದೇಶಾಂಗ ಇಲಾಖೆಯ ಕುವೈತ್ ಘಟಕದ ಮೂಲಕ ಹೋಗುತ್ತಿದ್ದವು. ಊರಿನವರು ಅದರ ಪ್ರತಿಗಳಿಗೆ ಅಟೆಸ್ಟ್ ಮಾಡಿಸಲು ನಮ್ಮ ಪ್ರಾಂಶುಪಾಲರ ಹತ್ತಿರ ಬರುತ್ತಿದ್ದರು, ಮೊಹರು ಒತ್ತುವವನು ನಾನು. ಕಾಪು ಕಡೆಯ ಆ ಹುಡುಗನ ತಂದೆಯೂ ಬಂದಿದ್ದರು. ಮಗನ ಬಗ್ಗೆ ಕೇಳಬೇಕು ಅಂತ ಬಾಯಿಗೆ ಬಂತು, ಕೇಳಲಿಲ್ಲ. ಅವರೂ ಹೇಳಲಿಲ್ಲ.

1992ರಲ್ಲಿ ಹುಡುಗಿಯ ತಂದೆ ಹಳೆಯ ಕಂಪೆನಿಗೇ ವಾಪಸು ಹೋದರು. ಆ ವರ್ಷದ ಕೊನೆಗೆ ರಜೆಯಲ್ಲಿ ಬಂದಾಗ ನನಗೆ ಒಂದು ಟೈಗರ್ ಬಾಮ್, ಒಂದು ಕವರು. ಮತ್ತೆ ತೆರೆದ ಶಾಲೆಯಿಂದ ಟಿ.ಸಿ. ತಂದಿದ್ದರು, ರಾಯಭಾರ ಕಚೇರಿಯ ಮೇಲು ಸಹಿಯೂ ಇತ್ತು. ಯಾರಿಗೂ ಈಗ ಅದು ಬೇಕಿರಲಿಲ್ಲ, ಆದರೂ ಹಳೆಯ ರಿಜಿಸ್ಟರು ತೆಗೆಸಿ, ಪೆನ್ಸಿಲಿನಲ್ಲಿ ಬರೆದ ‘ಬರಬೇಕಿದೆ’ಯನ್ನು ರಬ್ಬರಿನಿಂದ ಒರೆಸಿ ನಂಬರು, ದಿನಾಂಕ ಬರೆದೆ. ಗೋಂದು ಹಚ್ಚಿ ಟಿ.ಸಿ.ಯನ್ನು ಅಂಟಿಸುವ ಮುಂಚೆ ಒಮ್ಮೆ ಪೂರ್ತಿ ಓದಿದೆ. ನಡತೆ: ಉತ್ತಮ. ಬಾಕಿ ಶುಲ್ಕ: ಇಲ್ಲ. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆಯ ಮೇರೆಗೆ.